ಕಪ್ಪುತಲೆ ಹುಳುವಿಗೆ ಕಣಜದ ಕಾವಲು

ತೆಂಗಿನ ತೋಟದಲ್ಲಿ ಕೆಳಗಿನ ಗರಿಗಳು ಬೆಂಕಿ ತಗುಲಿದಂತೆ ಒಣಗಿದ್ದರೆ ಅದು ಕಪ್ಪುತಲೆ ಹುಳುವಿನ ಬಾಧೆಯ ಗುರುತು. ಗರಿಯ ತಳಭಾಗದಲ್ಲಿ ನೂಲು ಮತ್ತು ತನ್ನ ಹಿಕ್ಕೆಯನ್ನು ಸೇರಿಸಿ ಸುರಂಗ ಕಟ್ಟಿಕೊಂಡು ಈ ಹುಳು ಹಸಿರನ್ನು ಕೆರೆದು ತಿನ್ನುತ್ತದೆ. ಎತ್ತರದ ಮರಗಳಿಗೆ ಸಿಂಪರಣೆ ಕಷ್ಟ. ಸುರಂಗದೊಳಗಿನ ಹುಳುವಿಗೆ ಔಷಧಿ ತಾಗುವುದೂ ಕಡಿಮೆ. ಆದುದರಿಂದ ಗೋನಿಯೋಜಸ್ ನೆಫಾಂಟಿಡಿಸ್ ಎಂಬ ಪುಟ್ಟ ಪರೋಪಜೀವಿ ಕಣಜವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ತೋಟಕ್ಕೆ ಬಿಡುವ ಪದ್ಧತಿ ರೂಢಿಯಲ್ಲಿದೆ.

ಹೀಗೆ ಬಿಟ್ಟ ಕಣಜ ಒಂದು ತೋಟದಲ್ಲಿ ಫಲ ಕೊಟ್ಟು ಇನ್ನೊಂದರಲ್ಲಿ ವ್ಯರ್ಥವಾಗುವುದುಂಟು. "ನೀವು ಹೇಳಿದ ಹಾಗೆ ಎರಡು ಸಲ ಬಿಟ್ಟೆ ಸ್ವಾಮಿ, ಗರಿ ಒಣಗುವುದು ನಿಲ್ಲಲಿಲ್ಲ" ಎಂದು ರೈತರೊಬ್ಬರು ನನ್ನನ್ನು ತಮ್ಮ ತೋಟಕ್ಕೆ ಕರೆದೊಯ್ದರು. ಗರಿ ಕಡಿಸಿ ಸುರಂಗಗಳನ್ನು ಬಿಡಿಸಿ ನೋಡಿದೆವು. ಒಳಗಿದ್ದುದು ಹುಳುಗಳಲ್ಲ, ಬರೀ ಕೋಶಗಳು. ಈ ಕಣಜಕ್ಕೆ ಬೇಕಾದುದು ಹುಳು. ಕೋಶ ಅದಕ್ಕೆ ಕೆಲಸಕ್ಕೆ ಬಾರದು. ತಪ್ಪು ಕಣಜದ್ದಲ್ಲ, ಬಿಟ್ಟ ಸಮಯದ್ದು. ಹುಳುವಿನ ಹಂತ ನೋಡದೆ ಸಲಹೆ ಕೊಟ್ಟ ನನ್ನದು. ಕಣಜದ ಆಯುಷ್ಯ ಮತ್ತು ಸಂತಾನದ ಕ್ರಮ ತಿಳಿದಿದ್ದರೆ ಇಂತಹ ನಷ್ಟ ತಪ್ಪುತ್ತದೆ.

ಸಂತಾನಾಭಿವೃದ್ಧಿ

ಹೆಣ್ಣು ಕಣಜ ಹಿಕ್ಕೆಯ ವಾಸನೆ ಹಿಡಿದು ಸುರಂಗವನ್ನು ಸೇರುತ್ತದೆ. ಬಲಿತ ಹುಳುವನ್ನು ಕೊಂಡಿಯಿಂದ ಚುಚ್ಚಿ ಅಲುಗದಂತೆ ಮಾಡಿ ಅದರ ಮೈಮೇಲೆ ಮೊಟ್ಟೆಯಿಡುತ್ತದೆ. ಹುಳು ದೊಡ್ಡದಾದಷ್ಟೂ ಮೊಟ್ಟೆ ಹೆಚ್ಚು. ಸಾಮಾನ್ಯವಾಗಿ ಹತ್ತರ ಆಸುಪಾಸು. ಮೊಟ್ಟೆಯೊಡೆದು ಬಂದ ಮರಿಗಳು ಹುಳುವಿನ ಸಾರವನ್ನು ಹೊರಗಿನಿಂದಲೇ ಹೀರಿ ಬೆಳೆದು, ಪಕ್ಕದಲ್ಲೇ ಗೂಡು ಕಟ್ಟುತ್ತವೆ. ಮೊಟ್ಟೆಯಿಂದ ಪ್ರೌಢ ಕಣಜವಾಗಲು ಸುಮಾರು 10 ರಿಂದ 14 ದಿನ ಸಾಕು. ಕಪ್ಪುತಲೆ ಹುಳುವಿನ ಜೀವನಚಕ್ರಕ್ಕಾದರೋ ಸುಮಾರು ಎರಡು ತಿಂಗಳು ಬೇಕು. ಕಣಜದ ಬಲವಿರುವುದು ಈ ಅಂತರದಲ್ಲಿ.

ಈ ಕಣಜಕ್ಕೆ ಇನ್ನೊಂದು ಗುಣವಿದೆ. ಮರಿಗಳು ಗೂಡು ಕಟ್ಟುವವರೆಗೂ ತಾಯಿ ಅಲ್ಲೇ ಕಾವಲು ನಿಂತು ಬೇರೆ ಹೆಣ್ಣು ಕಣಜಗಳನ್ನು ಓಡಿಸುತ್ತದೆ. ಆದ್ದರಿಂದ ಒಂದು ತಾಯಿ ತನ್ನ ಜೀವಿತದಲ್ಲಿ ಕೆಲವೇ ಹುಳುಗಳ ಮೇಲೆ ಸಂತಾನ ಬೆಳೆಸಬಲ್ಲದು. ಮರಕ್ಕೆ ಒಂದೆರಡು ಕಣಜ ಬಿಟ್ಟರೆ ಸಾಲದೆಂಬುದಕ್ಕೆ ಇದೇ ಕಾರಣ.

ಗಂಡಿನೊಡನೆ ಕೂಡಿದ ಹೆಣ್ಣಿನ ಸಂತಾನದಲ್ಲಿ ಹೆಣ್ಣುಗಳೇ ಹೆಚ್ಚು. ಒಂದು ಹುಳುವಿನ ಮೇಲೆ ಬೆಳೆದವುಗಳಲ್ಲಿ ಗಂಡು ಒಂದೆರಡು ಮಾತ್ರ. ಕೂಡದ ಹೆಣ್ಣೂ ಮೊಟ್ಟೆಯಿಡುತ್ತದೆ, ಆದರೆ ಅವೆಲ್ಲ ಗಂಡಾಗುತ್ತವೆ. ಗಂಡು ಹುಳುವನ್ನು ಚುಚ್ಚುವುದಿಲ್ಲವಾದ್ದರಿಂದ ಅಂತಹ ಸಂತಾನದಿಂದ ತೋಟಕ್ಕೆ ಪ್ರಯೋಜನವಿಲ್ಲ.

ಆಯುಷ್ಯ

ಜೇನುತುಪ್ಪ ಉಣಿಸಿದರೆ ಹೆಣ್ಣು ಕಣಜ ಒಂದು ತಿಂಗಳಿಗೂ ಮೀರಿ ಬದುಕಬಲ್ಲದು. ಆಹಾರವಿಲ್ಲದಿದ್ದರೆ ಆಯುಷ್ಯ ಬಹಳ ಮೊಟಕಾಗುತ್ತದೆ. ಗಂಡಿನ ಆಯುಷ್ಯ ಹೆಣ್ಣಿಗಿಂತ ಕಡಿಮೆ. ಗೂಡಿನಿಂದ ಹೊರಬಂದ ಹೆಣ್ಣು ಕೂಡಲೇ ಮೊಟ್ಟೆಯಿಡುವುದಿಲ್ಲ. ಅದಕ್ಕೆ ಕೆಲವು ದಿನ ಹಿಡಿಯುತ್ತದೆ.

ಬಿಡುವ ಕ್ರಮ

1. ಮೊದಲು ನಾಲ್ಕಾರು ಮರಗಳಿಂದ ಗರಿ ತೆಗೆದು ಸುರಂಗ ಬಿಡಿಸಿ ನೋಡಬೇಕು. ಬಲಿತ ಹುಳುಗಳು ಹೆಚ್ಚಾಗಿದ್ದರೆ ಮಾತ್ರ ಕಣಜ ಬಿಡಬೇಕು. ಬರೀ ಕೋಶಗಳಿದ್ದರೆ, ಮುಂದಿನ ತಲೆಮಾರಿನ ಹುಳು ಬಲಿಯುವವರೆಗೆ ಕಾಯಬೇಕು.

2. ಹೆಚ್ಚು ಬಾಧೆಗೊಳಗಾದ ಕೆಳಗಿನ ಎರಡು ಮೂರು ಗರಿಗಳನ್ನು ಕಡಿದು ಸುಡಬೇಕು.

3. ಗಂಡು ಹೆಣ್ಣುಗಳನ್ನು ಕೆಲವು ದಿನ ಒಟ್ಟಿಗೆ ಇರಿಸಿ, ಜೇನು ಉಣಿಸಿದ ಕಣಜಗಳನ್ನೇ ಕೇಳಿ ಪಡೆಯಬೇಕು. ಕೊಳವೆಗಳನ್ನು ಬಿಸಿಲಿಗೆ ಒಡ್ಡದೆ ತಂಪಾಗಿ ಸಾಗಿಸಬೇಕು.

4. ಬಾಧೆಯ ಪ್ರಮಾಣ ನೋಡಿಕೊಂಡು ಪ್ರತಿ ಮರಕ್ಕೆ 10 ರಿಂದ 20 ಕಣಜಗಳಂತೆ, 15 ದಿನಗಳ ಅಂತರದಲ್ಲಿ ನಾಲ್ಕು ಬಾರಿ, ಸಂಜೆಯ ತಂಪು ಹೊತ್ತಿನಲ್ಲಿ ಬಿಡಬೇಕು.

5. ಕೀಟನಾಶಕ ಸಿಂಪಡಿಸಿದ್ದರೆ ಕನಿಷ್ಠ ಮೂರು ವಾರ ಕಳೆಯುವವರೆಗೆ ಕಣಜ ಬಿಡಬಾರದು. ಬಿಟ್ಟ ಮೇಲೂ ಸಿಂಪಡಿಸಬಾರದು.

ಕಣಜಕ್ಕೆ ತೋಟದ ಬೇಲಿ ಗೊತ್ತಿಲ್ಲ. ಹುಳುವಿನ ಪತಂಗಕ್ಕೂ ಗೊತ್ತಿಲ್ಲ. ಒಬ್ಬರೇ ಬಿಟ್ಟರೆ ಪಕ್ಕದ ತೋಟದಿಂದ ಪತಂಗ ಬಂದು ಮತ್ತೆ ಮೊಟ್ಟೆಯಿಡುತ್ತದೆ. ಆದುದರಿಂದ ಒಂದು ಊರಿನ ತೆಂಗು ಬೆಳೆಗಾರರೆಲ್ಲ ಒಟ್ಟಾಗಿ, ಒಂದೇ ಸಮಯದಲ್ಲಿ ಈ ಕೆಲಸ ಕೈಗೊಳ್ಳುವುದು ಲೇಸು. ಮೇಲೇರಿ ಗರಿ ಬಿಡಿಸಿ ನೋಡುವ ಅರ್ಧ ದಿನದ ಶ್ರಮ, ಮುಂದಿನ ವರ್ಷಗಳ ಫಸಲನ್ನು ಉಳಿಸುತ್ತದೆ.