ಅಘನಾಶಿನಿಯ ಅಳಿವೆ: ಸಿಹಿ, ಉಪ್ಪು ಕೂಡುವಲ್ಲಿ

ಈ ಬಳಚು ನೋಡಿ. ಅಂಗೈಯೊಳಗೆ ಅಡಗುವ ಚಿಪ್ಪು. ನೀರೆಳೆದುಕೊಂಡು, ಅದರಲ್ಲಿನ ಸೂಕ್ಷ್ಮ ಪಾಚಿಯನ್ನು ಸೋಸಿ ತಿಂದು, ನೀರನ್ನು ತಿಳಿಯಾಗಿಸಿ ಹೊರಬಿಡುತ್ತದೆ. ಕುಮಟಾ ತಾಲ್ಲೂಕಿನ ಅಘನಾಶಿನಿ ನದಿಯ ಅಳಿವೆಯಲ್ಲಿ, ನೀರಿಳಿದ ಹೊತ್ತು ಕೆಸರಿಗಿಳಿದು ಇದನ್ನು ಆಯುತ್ತಾರೆ. ಎಷ್ಟೋ ಮನೆಗಳ ಒಲೆ ಉರಿಯುವುದು ಇದರಿಂದಲೇ.

ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕುವ ಈ ನದಿ, ಒಂದೂ ದೊಡ್ಡ ಅಣೆಕಟ್ಟಿಲ್ಲದೆ ಕಡಲು ಸೇರುತ್ತದೆ. ಅಳಿವೆಯ ಗುಟ್ಟಿರುವುದು ಇಲ್ಲೇ. ಮಳೆಗಾಲದಲ್ಲಿ ಸಿಹಿನೀರು ನುಗ್ಗಿ ಉಪ್ಪು ತಗ್ಗುತ್ತದೆ. ಬೇಸಿಗೆಯಲ್ಲಿ ಉಬ್ಬರ ಉಪ್ಪನ್ನು ಒಳಕ್ಕೆ ತರುತ್ತದೆ. ಬಳಚು, ಸಿಗಡಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಎಲ್ಲವೂ ಈ ಏರಿಳಿತಕ್ಕೆ ಒಗ್ಗಿದವು. ಘಟ್ಟದ ಮೇಲೆ ನೀರು ತಡೆದರೆ ಕೆಳಗೆ ಉಪ್ಪು ಏರುತ್ತದೆ, ನದಿ ಹೊತ್ತು ತರುವ ಮಣ್ಣು ನಿಲ್ಲುತ್ತದೆ. ಆಗ ಕಡಲಿಗೆ ಹೋದ ನೀರು ವ್ಯರ್ಥ ಎನ್ನುವ ಮಾತು ಎಷ್ಟು ತಪ್ಪೆಂದು ಮೊದಲು ತಿಳಿಯುವುದು ಈ ಚಿಪ್ಪಿಗೇ.

ನನಗೆ ಅತ್ಯಂತ ಅಚ್ಚರಿ ಎಂದರೆ ಅಳಿವೆಯಂಚಿನ ತಗ್ಗು ನೆಲದ ಗಜನಿ ಗದ್ದೆ. ಉಪ್ಪುನೀರಿಗೂ ನೆರೆಗೂ ಬಗ್ಗದ ಕಗ್ಗ ಭತ್ತ ಇಲ್ಲಿಯದು. ಗೊಬ್ಬರವಿಲ್ಲ, ಔಷಧಿಯಿಲ್ಲ. ರೈತರು ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಅಲ್ಲೇ ಬಿಡುತ್ತಾರೆ. ಅದು ಕೊಳೆತು ಮೀನು, ಸಿಗಡಿಗೆ ಆಹಾರ. ಒಂದೇ ಗದ್ದೆಯಲ್ಲಿ ಅನ್ನವೂ ಸಾರೂ!

2024ರ ಜನವರಿಯಲ್ಲಿ ಈ ಅಳಿವೆ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್‌ಸರ್ ಪಟ್ಟಿಗೆ ಸೇರಿದ ಸುದ್ದಿ ಬಂತು. ಸುಮಾರು 4,801 ಹೆಕ್ಟೇರ್. ಹೆಮ್ಮೆ ಸರಿ, ಆದರೆ ಮಿತಿಮೀರಿ ಮರಳು, ಚಿಪ್ಪು ಬಗೆಯುವುದನ್ನು ಪಟ್ಟಿಯೊಂದೇ ತಡೆಯದು. ಎಳೆಯ ಬಳಚನ್ನು ಮರಳಿ ನೀರಿಗೆ ಬಿಡುವ ಕೈಯೂ ಬೇಕು.