ಬಿಸಿಲು ಪಾವಗಡದ್ದು, ಕತ್ತಲೆ ನಮ್ಮ ಅಂಗಡಿಯದ್ದು!

ಸಂಜೆ ಆರೂವರೆ. ಮಂಡಿಪೇಟೆಯಲ್ಲಿ ವ್ಯಾಪಾರ ಕುದುರುವ ಹೊತ್ತು. ಟಪ್ ಅಂತ ಕರೆಂಟು ಹೋಯಿತು ಅನ್ನಿ. ಗಲ್ಲಾ ಪೆಟ್ಟಿಗೆ ಮೇಲೆ ಒಂದು ಕೈ, ಮೊಬೈಲ್ ಟಾರ್ಚಿನ ಮೇಲೆ ಒಂದು ಕೈ. ತಕ್ಕಡಿ ಎಲೆಕ್ಟ್ರಾನಿಕ್ಕು, ಅದೂ ಕಣ್ಣು ಮುಚ್ಚಿತು. ಕೊಳ್ಳಲು ಬಂದ ಅಮ್ಮ "ಆಮೇಲೆ ಬರ್ತೀನಪ್ಪಾ" ಅಂತ ಹೊರಟರು. ಆಮೇಲೆ ಬರುವುದು ಅಷ್ಟರಲ್ಲೇ ಇದೆ. ಇನ್ವರ್ಟರ್ ಇರುವ ಎದುರಂಗಡಿಗೆ ಹೋದರು!

ಆಗ ಶುರುವಾಗುತ್ತದೆ ನೋಡಿ ಚರ್ಚೆ. "ನಮ್ಮ ಜಿಲ್ಲೇಲೇ ಏಷ್ಯಾದಲ್ಲೇ ಹೆಸರು ಮಾಡಿದ ಸೋಲಾರ್ ಪಾರ್ಕ್ ಇದೆ, ನಮಗೆ ಮಾತ್ರ ಕತ್ತಲೆ. ಇದೆಂಥ ನ್ಯಾಯ ಸ್ವಾಮಿ?" ಅಂತ ಒಬ್ಬರು. "ಮೇಲ್ಗಡೆ ಪ್ಯಾನಲ್ ಹಾಕಿಸಿ, ಕೆಇಬಿಯವರ ಹಂಗೇ ಬೇಡ" ಅಂತ ಇನ್ನೊಬ್ಬರು. ಕೆಇಬಿ ಹೋಗಿ 1999ರಲ್ಲಿ ಕೆಪಿಟಿಸಿಎಲ್ ಆಯಿತು, 2002ರಲ್ಲಿ ಬೆಸ್ಕಾಂ ಹುಟ್ಟಿತು. ಆದರೂ ಪೇಟೆಯ ಬಾಯಲ್ಲಿ ಅದು ಕೆಇಬಿಯೇ. ಇರಲಿ. ಈ ಚರ್ಚೆಯಲ್ಲಿ ಎಷ್ಟು ಹುರುಳಿದೆ, ಎಷ್ಟು ಬುರುಡೆ ಇದೆ ಎಂದು ಈ ಸಂಜೆ ಸ್ವಲ್ಪ ಲೆಕ್ಕ ಹಾಕೋಣ.

ಮೊದಲು ಪಾವಗಡದ ಮಾತು. ತುಮಕೂರಿನಿಂದ ಕೊರಟಗೆರೆ, ಮಧುಗಿರಿ ಹಾದು ಹೋಗುವ ಬಸ್ಸಿನಲ್ಲಿ ನೂರು ಕಿಲೋಮೀಟರಿನ ಆಸುಪಾಸು. ಪಾವಗಡ ದಾಟಿ ತಿರುಮಣಿ ಕಡೆ ಹೋದವರು ಕಂಡಿದ್ದಾರೆ: ನೆಲದ ಮೇಲೆ ಕೆರೆ ತುಂಬಿದ ಹಾಗೆ ಹೊಳೆಯುತ್ತದೆ, ಹತ್ತಿರ ಹೋದರೆ ಹನಿ ನೀರಿಲ್ಲ, ಎಲ್ಲ ಗಾಜಿನ ಹಲಗೆ! ಸುಮಾರು 13 ಸಾವಿರ ಎಕರೆ. ತಿರುಮಣಿ, ಬಳಸಮುದ್ರ, ವಳ್ಳೂರು ಮುಂತಾದ ಹಳ್ಳಿಗಳ ರೈತರ ಜಮೀನು. 2018ರಲ್ಲಿ ಮೊದಲ ಹಂತ ಶುರುವಾಗಿ 2019ರ ಕೊನೆಗೆ 2,050 ಮೆಗಾವ್ಯಾಟ್ ಪೂರ್ತಿಯಾಯಿತು. ಜಮೀನನ್ನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಹಿಡಿದರು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಮಳೆ ಮುಖ ನೋಡಿ ಸೋತ ರೈತನಿಗೆ ಇದು ಕೈಗೆ ಬರುವ ಕಾಸು. ಜಮೀನಿಲ್ಲದೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವನಿಗೆ ಗುತ್ತಿಗೆ ಹಣವೂ ಇಲ್ಲ, ಕೂಲಿಯೂ ಇಲ್ಲ. ಈ ಮಾತನ್ನು ಭಾಷಣ ಮಾಡುವವರು ಹೇಳುವುದಿಲ್ಲ, ನಾವು ಹೇಳಿಬಿಡುತ್ತೇವೆ.

ಸರಿ, ಅಷ್ಟು ಕರೆಂಟು ಎಲ್ಲಿ ಹೋಗುತ್ತದೆ? ತಿರುಮಣಿಯಿಂದ ತಂತಿ ಎಳೆದು ಮಂಡಿಪೇಟೆಗೆ ಕೊಟ್ಟಿಲ್ಲ ಸ್ವಾಮಿ. ಅದು ದೊಡ್ಡ ಲೈನಿಗೆ ಸೇರುತ್ತದೆ, ಎಲ್ಲರ ಕರೆಂಟಿನ ಜೊತೆ ಬೆರೆಯುತ್ತದೆ. ಇನ್ನೊಂದು ಮಾತು. ಆರೂವರೆಗೆ ಸೂರ್ಯನೇ ಅಂಗಡಿ ಬಾಗಿಲು ಹಾಕಿರುತ್ತಾನೆ. ಮಧ್ಯಾಹ್ನ ಬೇಕಾದಷ್ಟು, ದೀಪ ಹಚ್ಚುವ ಹೊತ್ತಿಗೆ ಸೊನ್ನೆ. ಇದು ಪಾವಗಡದ ದೋಷವಲ್ಲ, ಬಿಸಿಲಿನ ಸ್ವಭಾವ.

ಇನ್ನೂ ಒಂದು. ಪೇಟೆಯಲ್ಲಿ ಕರೆಂಟು ಹೋದಾಗಲೆಲ್ಲ ರಾಜ್ಯದಲ್ಲಿ ಕರೆಂಟಿಲ್ಲ ಅಂತ ಅರ್ಥವಲ್ಲ. 2023ರ ಅಕ್ಟೋಬರಿನಲ್ಲಿ ನಿಜವಾಗಿಯೂ ಕೊರತೆ ಬಿತ್ತು. ಮಳೆ ಕೈಕೊಟ್ಟಿತ್ತು, ಪಂಪ್‌ಸೆಟ್ಟುಗಳು ಒಟ್ಟಿಗೆ ಓಡಿದವು, ರಾಜ್ಯದ ಉತ್ಪಾದಕರು ಹೊರಗೆ ಮಾರಬಾರದು ಎಂದು ಸರ್ಕಾರವೇ ಆದೇಶ ಹೊರಡಿಸಬೇಕಾಯಿತು. ಆದರೆ ಗಾಳಿಗೆ ಕೊಂಬೆ ಬಿದ್ದು, ಟ್ರಾನ್ಸ್‌ಫಾರ್ಮರ್ ಸುಟ್ಟು, ಜಂಪರ್ ಕಿತ್ತು ಹೋಗುವ ಕರೆಂಟಿಗೆ ಪಾವಗಡದಂಥ ಹತ್ತು ಪಾರ್ಕ್ ಕಟ್ಟಿದರೂ ಮದ್ದಿಲ್ಲ.

ಮೇಲ್ಛಾವಣಿ ಯಾರದ್ದು?

ಈಗ ಬನ್ನಿ, ನಮ್ಮ ತಲೆ ಮೇಲಿನ ತಾರಸಿಗೆ. ಒಂದು ಕಿಲೋವ್ಯಾಟ್ ಪ್ಯಾನಲ್ಲಿಗೆ ಹೆಚ್ಚೂಕಮ್ಮಿ ನೂರು ಚದರಡಿ ಜಾಗ ಬೇಕು. ನಮ್ಮ ಕಡೆಯ ಬಿಸಿಲಿಗೆ ವರ್ಷದ ಸರಾಸರಿ ದಿನಕ್ಕೆ ನಾಲ್ಕು ಯೂನಿಟ್ ಬರುತ್ತದೆ. ಮೋಡದ ದಿನ ಅರ್ಧಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಮಲೆನಾಡಿನ ಜುಲೈ ತಿಂಗಳ ಕಥೆ ಕೇಳಲೇ ಬೇಡಿ. ಮೂರು ಕಿಲೋವ್ಯಾಟ್ ಹಾಕಿದರೆ ದಿನಕ್ಕೆ ಹನ್ನೆರಡು, ತಿಂಗಳಿಗೆ ಮುನ್ನೂರೈವತ್ತು ಯೂನಿಟ್.

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ತಂದ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟಿಗೆ 30 ಸಾವಿರ, ಎರಡಕ್ಕೆ 60 ಸಾವಿರ, ಮೂರಕ್ಕೆ ಅಥವಾ ಅದಕ್ಕಿಂತ ಜಾಸ್ತಿಗೆ 78 ಸಾವಿರ ಸಬ್ಸಿಡಿ. ಕೇಳಲು ಚೆನ್ನ. ಆದರೆ ಅದು ವಾಸದ ಮನೆಗೆ, ಅಂಗಡಿಗಲ್ಲ! ಮನೆಯ ಕಥೆ ಏನು? 2023ರಿಂದ ಗೃಹಜ್ಯೋತಿ ಬಂದಿದೆ. ತಿಂಗಳಿಗೆ 200 ಯೂನಿಟ್ ಒಳಗೆ ತಮ್ಮ ಸರಾಸರಿ ಮಿತಿಯಲ್ಲಿ ಉರಿಸಿದವರಿಗೆ ಬಿಲ್ಲೇ ಸೊನ್ನೆ. ಸೊನ್ನೆ ಬಿಲ್ಲಿನವನು ಕೈಯಿಂದ ಲಕ್ಷ ರೂಪಾಯಿ ಹಾಕಿ ಪ್ಯಾನಲ್ ಯಾಕೆ ಹಾಕಿಸುತ್ತಾನೆ, ನೀವೇ ಹೇಳಿ. ಇನ್ನೂರು ದಾಟಿಸಿ ಪೂರ್ತಿ ಬಿಲ್ಲು ಕಟ್ಟುವ ಮನೆಯವರಿಗೆ ಮಾತ್ರ ಇದು ಲೆಕ್ಕಕ್ಕೆ ಬರುತ್ತದೆ.

ಅಂದರೆ ಹೀಗಾಯಿತು: ಬಿಲ್ಲಿಲ್ಲದ ಮನೆಗೆ ಸಬ್ಸಿಡಿ ಇದೆ, ಬಿಲ್ಲಿರುವ ಅಂಗಡಿಗೆ ಸಬ್ಸಿಡಿ ಇಲ್ಲ. ಅಂಗಡಿ ಮೀಟರಿನ ದರ ಮನೆಯದಕ್ಕಿಂತ ಮೇಲು, ಫಿಕ್ಸೆಡ್ ಚಾರ್ಜ್ ಬೇರೆ. ಬಿಸಿಲಿನ ಕರೆಂಟು ಯಾರಿಗೆ ಹೆಚ್ಚು ಉಳಿತಾಯ ಮಾಡಿಕೊಡುತ್ತದೋ ಅವರೇ ಕ್ಯೂನಿಂದ ಹೊರಗೆ. ಇದನ್ನು ಯಾವ ಪಕ್ಷದವರೂ ಯಾಕೆ ಎತ್ತುವುದಿಲ್ಲವೋ ನಮಗಂತೂ ಅರ್ಥವಾಗಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಬಾಡಿಗೆಯದು. ಪೇಟೆಯ ಅಂಗಡಿಗಳಲ್ಲಿ ಸ್ವಂತದ್ದೆಷ್ಟು? ಕೆಳಗೆ ನಾಲ್ಕು ಮಳಿಗೆ, ಮೇಲೆ ಮಾಲೀಕರ ಮನೆ, ಅದರ ಮೇಲೆ ಸಿಂಟೆಕ್ಸ್ ಟ್ಯಾಂಕು, ಬಟ್ಟೆ ಒಣಹಾಕುವ ತಂತಿ. ಆ ತಾರಸಿ ಬಾಡಿಗೆದಾರನದಲ್ಲ. ಹನ್ನೊಂದು ತಿಂಗಳ ಕರಾರಿನವನು ಇಪ್ಪತ್ತೈದು ವರ್ಷ ಬಾಳುವ ಪ್ಯಾನಲ್ ಹಾಕಿಸಿ, ನಾಳೆ ಮಾಲೀಕರು ಖಾಲಿ ಮಾಡಿ ಅಂದರೆ ಹೆಗಲ ಮೇಲೆ ಹೊತ್ತುಕೊಂಡು ಹೋಗುವುದೇ? ಮಾಲೀಕರೂ ಹಾಕಿಸರು. ಹಾಕಿಸಿದರೆ ಬಿಲ್ಲು ಉಳಿಯುವುದು ಬಾಡಿಗೆದಾರನಿಗೆ, ಖರ್ಚು ತಮಗೆ. ಬಾಡಿಗೆ ಕರಾರಿನಲ್ಲೇ ಇದನ್ನು ಸೇರಿಸಿ, ಉಳಿದದ್ದನ್ನು ಹಂಚಿಕೊಳ್ಳುವಷ್ಟು ಹೊಂದಾಣಿಕೆ ಇರುವ ಮಾಲೀಕ-ಬಾಡಿಗೆದಾರ ಜೋಡಿ ಸಿಕ್ಕರೆ ಪುಣ್ಯ.

ಕರೆಂಟು ಹೋದರೆ ಪ್ಯಾನಲ್ಲೂ ಬಂದ್!

ಹಾಕಿಸಿದವರೇ ತಬ್ಬಿಬ್ಬಾಗುವ ಸಂಗತಿ ಒಂದಿದೆ. ಬ್ಯಾಟರಿ ಇಲ್ಲದೆ ಲೈನಿಗೆ ಕೂಡಿಸಿದ ಪ್ಯಾನಲ್ ಇದ್ದರೆ, ಮಟಮಟ ಮಧ್ಯಾಹ್ನ ಬಿಸಿಲು ಕಾಯುತ್ತಿದ್ದರೂ, ಲೈನಿನಲ್ಲಿ ಕರೆಂಟು ಹೋದ ಕ್ಷಣ ಅದೂ ನಿಂತುಬಿಡುತ್ತದೆ. "ಮೋಸ ಮಾಡಿದ್ರು" ಅಂತ ಕೂಗಾಡುವವರಿದ್ದಾರೆ. ಮೋಸವಲ್ಲ. ಕರೆಂಟು ತೆಗೆಸಿ ಲೈನ್‌ಮನ್ ಕಂಬ ಹತ್ತಿರುತ್ತಾನೆ. ನಿಮ್ಮ ತಾರಸಿಯಿಂದ ತಂತಿಗೆ ಕರೆಂಟು ಹರಿದರೆ ಅವನ ಗತಿ ಏನು? ಅದಕ್ಕೇ ಆ ಇನ್ವರ್ಟರ್ ತಾನಾಗಿ ಕೈಕಟ್ಟಿ ಕೂರುತ್ತದೆ. ಮಾರುವವರು ಇದನ್ನು ಮೊದಲೇ ಹೇಳಬೇಕು. ಎಷ್ಟು ಜನ ಹೇಳುತ್ತಾರೆ ಅನ್ನುವುದು ಬೇರೆ ಮಾತು.

ಹಾಗಾದರೆ ಕತ್ತಲೆಗೆ ಬೇಕಾದದ್ದು ಪ್ಯಾನಲ್ಲಲ್ಲ, ಬ್ಯಾಟರಿ. ಅದರ ಲೆಕ್ಕ ಕೇಳಿ.

ಅಂಗಡಿಗಳಲ್ಲಿ ಇಡುವ 12 ವೋಲ್ಟ್, 150 ಆಂಪಿಯರ್-ಅವರ್ ಸೀಸದ ಬ್ಯಾಟರಿ ಕಾಗದದ ಮೇಲೆ 1.8 ಯೂನಿಟ್ ಹಿಡಿಯುತ್ತದೆ. ಪೂರ್ತಿ ಬಸಿದರೆ ಬೇಗ ಸಾಯುತ್ತದೆ. ಅರ್ಧ ಬಳಸಿದರೆ ಬಾಳುತ್ತದೆ. ಅಂದರೆ ನಿಮ್ಮ ಕೈಗೆ ದಿನಕ್ಕೆ ಒಂದು ಯೂನಿಟ್ ಅನ್ನಿ. ಬೆಲೆ ಹದಿನೈದು ಸಾವಿರ, ಆಯಸ್ಸು ನಾಲ್ಕು ವರ್ಷ ಅಂತ ಇಟ್ಟುಕೊಳ್ಳಿ. ದಿನಾ ಬಳಸಿದರೂ ನಾಲ್ಕು ವರ್ಷಕ್ಕೆ 1,460 ಯೂನಿಟ್. ಭಾಗಿಸಿ ನೋಡಿ, ಯೂನಿಟ್ಟಿಗೆ ಹತ್ತು ರೂಪಾಯಿ! ಇದು ಕರೆಂಟಿನ ಬೆಲೆಯಲ್ಲ, ಬರೀ ಅದನ್ನು ಕೂಡಿಟ್ಟ ಗೋದಾಮಿನ ಬಾಡಿಗೆ. ಲೈನಿನ ಕರೆಂಟು ಏಳೆಂಟು ರೂಪಾಯಿಗೆ ಸಿಗುವಾಗ, ಬಿಲ್ಲು ಉಳಿಸಲು ಸೀಸದ ಬ್ಯಾಟರಿ ಇಡುತ್ತೇನೆ ಅನ್ನುವವನು ಗಣಿತದಲ್ಲಿ ನಪಾಸು.

ಹಾಗಂತ ಬ್ಯಾಟರಿ ದಂಡವೇ? ಅಲ್ಲ. ಅದನ್ನು ಯಾವುದರ ಜೊತೆ ತೂಗುತ್ತೀರಿ ಅನ್ನುವುದರ ಮೇಲಿದೆ. ಫುಟ್‌ಪಾತ್ ಮೇಲೆ ಗುಡುಗುಡು ಅನ್ನುವ ಚಿಕ್ಕ ಪೆಟ್ರೋಲ್ ಜನರೇಟರ್ ಲೀಟರಿಗೆ ಎರಡು ಯೂನಿಟ್ ಕೊಟ್ಟರೆ ಹೆಚ್ಚು. ಪೆಟ್ರೋಲು ನೂರು ದಾಟಿದೆ. ಯೂನಿಟ್ಟಿಗೆ ಐವತ್ತು ರೂಪಾಯಿ ಬಿತ್ತು, ಹೊಗೆ ಸದ್ದು ಪುಕ್ಕಟೆ. ಅದರ ಮುಂದೆ ಬ್ಯಾಟರಿ ಚಿನ್ನ. ಇನ್ನು ಸಂಜೆ ಎರಡು ಗಂಟೆ ಕತ್ತಲಲ್ಲಿ ಕೈಬಿಟ್ಟ ಗಿರಾಕಿಗಳ ಲೆಕ್ಕ ನಿಮಗೇ ಗೊತ್ತು.

ನಾಲ್ಕು ಎಲ್‌ಇಡಿ ಟ್ಯೂಬು, ಒಂದು ಫ್ಯಾನು, ಬಿಲ್ಲಿಂಗ್ ಕಂಪ್ಯೂಟರು, ತಕ್ಕಡಿ, ಎಲ್ಲ ಸೇರಿ 250 ವ್ಯಾಟ್. ಎರಡು ಗಂಟೆಗೆ ಅರ್ಧ ಯೂನಿಟ್. ಕಿರಾಣಿ ಅಂಗಡಿಗೆ, ಬಟ್ಟೆ ಅಂಗಡಿಗೆ ಒಂದೇ ಬ್ಯಾಟರಿ ಸಾಕು, ಪ್ಯಾನಲ್ಲೇ ಬೇಡ; ಲೈನಿನಿಂದಲೇ ತುಂಬಿಸಬಹುದು. ಜೆರಾಕ್ಸ್ ಅಂಗಡಿಯವರು ಮಾತ್ರ ಈ ಆಸೆ ಬಿಡಬೇಕು. ಮಿಷನ್ ಬಿಸಿಯಾಗುವಾಗ ಕಿಲೋವ್ಯಾಟ್ ಮೇಲೆ ಎಳೆದು ಇನ್ವರ್ಟರನ್ನು ಕುಯ್ಯೋ ಅನ್ನಿಸುತ್ತದೆ.

ಹೊಸ ಲಿಥಿಯಂ ಬ್ಯಾಟರಿಗೆ ನೀರು ಹಾಕುವ ಕಾಟವಿಲ್ಲ, ಎಂಬತ್ತು-ತೊಂಬತ್ತು ಭಾಗ ಬಸಿಯಬಹುದು, ಸಾವಿರಾರು ಸಲ ತುಂಬಿಸಬಹುದು. ಕೈಯಿಂದ ಮೊದಲೇ ಹೋಗುವ ದುಡ್ಡು ಜಾಸ್ತಿ. ದಿನಾ ತುಂಬಿಸಿ ದಿನಾ ಖಾಲಿ ಮಾಡುವವನಿಗೆ ಮಾತ್ರ ಅದು ಅಸಲು ಹುಟ್ಟಿಸುತ್ತದೆ. ವಾರಕ್ಕೊಮ್ಮೆ ಕರೆಂಟು ಹೋಗುವ ಬೀದಿಯಲ್ಲಿ ಅದು ಷೋಕಿ.

ಬ್ಯಾಟರಿ ಇಲ್ಲದೆಯೇ ಬಿಸಿಲನ್ನು ಕೂಡಿಡುವ ಉಪಾಯ ನಮ್ಮ ಹೆಂಗಸರಿಗೆ ಮೊದಲೇ ಗೊತ್ತು. ಹಪ್ಪಳ ಸಂಡಿಗೆ ಮತ್ತೇನು? ತಾರಸಿ ಮೇಲಿನ ಸೋಲಾರ್ ನೀರಿನ ಡ್ರಮ್ಮೂ ಅಷ್ಟೇ, ಮಧ್ಯಾಹ್ನದ ಬಿಸಿಲು ಬೆಳಗಿನ ಸ್ನಾನಕ್ಕೆ. ಹಗಲು ಮೋಟರ್ ಹಾಕಿ ಟ್ಯಾಂಕು ತುಂಬಿಸಿದರೆ ಅದೂ ಕೂಡಿಟ್ಟ ಕರೆಂಟೇ. ಹಿಟ್ಟಿನ ಗಿರಣಿಯವರನ್ನು ನೋಡಿ: ಕೆಲಸವೆಲ್ಲ ಹಗಲಿನದು, ರಾಗಿ ಬೀಸಿಟ್ಟರಾಯಿತು. ಸ್ವಂತ ಕಟ್ಟಡವಿದ್ದರೆ ಬ್ಯಾಟರಿಯಿಲ್ಲದ ಪ್ಯಾನಲ್ ಹೇಳಿ ಮಾಡಿಸಿದ್ದು ಇಂಥವರಿಗೆ. ಸಂಜೆ ವ್ಯಾಪಾರದ ಚಾಟ್ಸ್‌ನವರಿಗೆ ಅಲ್ಲ.

ಸರ್ಕಾರದ ತಲೆನೋವೂ ಇದೇ, ಸೊನ್ನೆಗಳು ಜಾಸ್ತಿ ಅಷ್ಟೆ. ಹಗಲು ಮಿಕ್ಕ ಕರೆಂಟಿನಲ್ಲಿ ಶರಾವತಿ ನೀರನ್ನು ಗೇರುಸೊಪ್ಪೆಯಿಂದ ತಳಕಳಲೆಗೆ ಎತ್ತಿ, ಸಂಜೆ ಇಳಿಸಿ 2,000 ಮೆಗಾವ್ಯಾಟ್ ತೆಗೆಯುವ ಯೋಜನೆ ಹಾಕಿದ್ದಾರೆ. ಅದು ಸಿಂಗಳೀಕಗಳ ಅಭಯಾರಣ್ಯ, ಕಾಡು ಹೋಗುತ್ತದೆ ಎಂದು ಅಲ್ಲಿನ ಜನ ಎದ್ದು ನಿಂತಿದ್ದಾರೆ. ಪಾವಗಡದ ಬಿಸಿಲು ಕೂಡಿಡಲು ಮಲೆನಾಡಿನ ಕಾಡು ಬೆಲೆ ಕೊಡಬೇಕೇ ಎಂಬ ಪ್ರಶ್ನೆಗೆ ಉತ್ತರ ಸುಲಭವಲ್ಲ. ಸ್ವಿಚ್ ಒತ್ತುವವರು ನಾವೂ ಹೌದಲ್ಲ.

ತಳ್ಳುಗಾಡಿಯವರ ಮಾತು ಬಿಟ್ಟರೆ ತಪ್ಪಾದೀತು. ಅವರಿಗೆ ಮೀಟರೂ ಇಲ್ಲ, ತಾರಸಿಯೂ ಇಲ್ಲ. 1995ರಲ್ಲಿ ಹರೀಶ್ ಹಂದೆಯವರು ಸೆಲ್ಕೋ ಶುರುಮಾಡಿ, ಬ್ಯಾಂಕ್ ಸಾಲದ ಕಂತಿನ ಮೇಲೆ ಕರ್ನಾಟಕದ ಹಳ್ಳಿ ಮನೆಗಳಿಗೆ ಸೋಲಾರ್ ದೀಪ ಮುಟ್ಟಿಸಿದರು. 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಲ್ಲಿ ಕಂಡ ಗುಟ್ಟು ಕಂತಿನದು. ತಿಂಗಳಿಗೆ ಮುನ್ನೂರು ಒಟ್ಟಿಗೆ ಕಟ್ಟಲಾರದವನು ದಿನಕ್ಕೆ ಹತ್ತು ಕಟ್ಟಬಲ್ಲ. ಹಗಲು ತುಂಬಿಸಿದ ಬ್ಯಾಟರಿ ದೀಪವನ್ನು ಸಂಜೆ ದಿನಬಾಡಿಗೆಗೆ ಕೊಡುವವರು ಬಸ್ ಸ್ಟ್ಯಾಂಡಿನ ಸುತ್ತ ಹುಟ್ಟಿಕೊಂಡರೆ ಹೂವಿನವರು, ಹಣ್ಣಿನವರು ಬೇಡ ಅನ್ನಲಿಕ್ಕಿಲ್ಲ.

ಬ್ಯಾಟರಿ ತರುವವರಿಗೆ ಒಂದು ಮಾತು. ಹಳೆಯದನ್ನು ಗುಜರಿಯವನಿಗೆ ಕೊಡಬೇಡಿ. ನಾಲ್ಕು ಕಾಸು ಜಾಸ್ತಿ ಕೊಡುತ್ತಾನೆ, ನಿಜ. ಆದರೆ ಸುತ್ತಿಗೆಯಿಂದ ಒಡೆದು, ಆಸಿಡ್ ಚರಂಡಿಗೆ ಚೆಲ್ಲಿ, ಸೀಸ ಕರಗಿಸುವ ಹೊಗೆ ಕುಡಿಯುವವರು ಅಲ್ಲಿಯ ಮಕ್ಕಳು. 2022ರ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸು ಬರುವಂತೆ ನೋಡಿಕೊಳ್ಳುವ ಹೊಣೆ ತಯಾರಕರದ್ದು. ಹೊಸದು ಕೊಳ್ಳುವ ಅಂಗಡಿಯಲ್ಲೇ ಹಳೆಯದನ್ನು ಕೊಟ್ಟು, ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆಸಿಕೊಳ್ಳಿ. ಬಿಲ್ಲು ಇಸಿದುಕೊಳ್ಳಿ, ಗ್ಯಾರಂಟಿ ಕಾರ್ಡಿಗೆ ತಾರೀಖು ಹಾಕಿಸಿ. ಚೀಟಿಯಲ್ಲಿ ಬರೆದುಕೊಟ್ಟರೆ ಒಪ್ಪಬೇಡಿ.