ಗುಂಡಿಗಳ ನಾಮಕರಣ

ಮನುಷ್ಯನಿಗೆ ಇಟ್ಟ ಹೆಸರು ಅವನ ಗುಣಕ್ಕೆ ಹೊಂದದಿದ್ದರೂ ಲೋಕವ್ಯವಹಾರ ನಿಲ್ಲುವುದಿಲ್ಲ. ಧರ್ಮರಾಜನೆಂಬವನು ಸಾಲ ತೀರಿಸದಿರಬಹುದು. ಶಾಂತಮ್ಮನ ಬಾಯಿಗೆ ಬೀದಿಯೇ ಹೆದರಬಹುದು. ಆದರೆ ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆಯುವವನು ಇಡುವ ಹೆಸರಿನ ಮಾತು ಬೇರೆ. ಅಲ್ಲಿ ಹೆಸರು ತಪ್ಪಿದರೆ ಕೆಲಸವೂ ತಪ್ಪುತ್ತದೆ. ವಿಡಿಯೋ ಆಟಗಳಲ್ಲಿ ಎರಡೂ ಕೈಗಳಿಂದ ಹಿಡಿಯುವ ಕಂಟ್ರೋಲರ್ ಎಂಬ ಸಾಧನವೇ ಇದಕ್ಕೆ ಒಳ್ಳೆಯ ನಿದರ್ಶನ.

ಈ ಸಾಧನದ ಬಲಗಡೆ, ಹೆಬ್ಬೆರಳಿಗೆ ಸಿಗುವಂತೆ, ನಾಲ್ಕು ಗುಂಡಿಗಳಿರುತ್ತವೆ: ಮೇಲೊಂದು, ಕೆಳಗೊಂದು, ಎಡಬಲಗಳಲ್ಲಿ ಒಂದೊಂದು. 1990ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆ ತನ್ನ ಸೂಪರ್ ಫ್ಯಾಮಿಕಾಮ್‌ನಲ್ಲಿ ಬಲಗಡೆಯದಕ್ಕೆ ‘ಎ’, ಕೆಳಗಿನದಕ್ಕೆ ‘ಬಿ’, ಮೇಲಿನದಕ್ಕೆ ‘ಎಕ್ಸ್’, ಎಡದ್ದಕ್ಕೆ ‘ವೈ’ ಎಂದು ಗುರುತು ಹಾಕಿತು. 2001ರಲ್ಲಿ ಬಂದ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್‌ನಲ್ಲಿ ಅಕ್ಷರಗಳು ಅವೇ, ಮನೆಗಳು ಮಾತ್ರ ಅದಲುಬದಲು: ಕೆಳಗೆ ‘ಎ’, ಬಲಕ್ಕೆ ‘ಬಿ’, ಎಡಕ್ಕೆ ‘ಎಕ್ಸ್’, ಮೇಲೆ ‘ವೈ’. 1994ರ ಸೋನಿ ಪ್ಲೇಸ್ಟೇಷನ್ ಅಕ್ಷರಗಳನ್ನೇ ಬಿಟ್ಟು ತ್ರಿಕೋನ, ವೃತ್ತ, ಗುಣಾಕಾರ ಚಿಹ್ನೆ, ಚೌಕಗಳನ್ನು ಹಿಡಿಯಿತು. ಜಪಾನಿನಲ್ಲಿ ವೃತ್ತವೆಂದರೆ ಒಪ್ಪಿಗೆ, ಗುಣಾಕಾರ ಚಿಹ್ನೆಯೆಂದರೆ ನಿರಾಕರಣೆ. ಪಾಶ್ಚಾತ್ಯ ದೇಶಗಳಲ್ಲಿ ಗುಣಾಕಾರ ಚಿಹ್ನೆಯೇ ಒಪ್ಪಿಗೆಯ ಗುಂಡಿಯಾಗಿ ರೂಢಿಗೆ ಬಂತು. 2020ರ ಪ್ಲೇಸ್ಟೇಷನ್ 5ರಲ್ಲಿ ಸೋನಿ ಈ ಎರಡನೆಯ ಕ್ರಮವನ್ನೇ ಜಪಾನಿಗೂ ತಂದಿತು.

ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಇವೆಲ್ಲ ಅಂಕಿತನಾಮಗಳು. ಇಟ್ಟವರ ಇಚ್ಛೆಯೇ ಪ್ರಮಾಣ. ಪ್ರೋಗ್ರಾಂನಲ್ಲಿ “ಎ ಒತ್ತಿದರೆ ನೆಗೆಯಲಿ” ಎಂದು ಬರೆದರೆ ಎಕ್ಸ್‌ಬಾಕ್ಸ್‌ನಲ್ಲಿ ಕೆಳಗಿರುವ ನೆಗೆತ ನಿಂಟೆಂಡೊದಲ್ಲಿ ಬಲಕ್ಕೆ ಸರಿಯುತ್ತದೆ. ಆಟಗಾರನ ಹೆಬ್ಬೆರಳು ಅಕ್ಷರ ಓದುವುದಿಲ್ಲ. ಅದು ಕಲಿತಿರುವುದು ಜಾಗವನ್ನು. “ಉಳಿಸಿದ ಆಟವನ್ನು ಅಳಿಸಲೇ?” ಎಂದು ಪರದೆ ಕೇಳಿದಾಗ, ಒಂದು ಯಂತ್ರದಲ್ಲಿ ‘ಬೇಡ’ ಎನ್ನುವ ಬಲಗುಂಡಿ ಇನ್ನೊಂದರಲ್ಲಿ ‘ಆಗಲಿ’ ಎಂದೀತು. ಹತ್ತಾರು ಗಂಟೆಗಳ ಶ್ರಮ ಒಂದು ಒತ್ತಿಗೆ ಮಾಯವಾದೀತು.

ಇದಕ್ಕೆ ಪರಿಹಾರವಾಗಿ ದಿಗ್ವಾಚಕಗಳು ಬಂದವು. ಆಟ ಬರೆಯುವವರು ಬಹುವಾಗಿ ಬಳಸುವ ಎಸ್‌ಡಿಎಲ್ ಎಂಬ ತಂತ್ರಾಂಶ ಸಂಗ್ರಹದ ಎರಡನೆಯ ಆವೃತ್ತಿಯಲ್ಲಿ ಎ, ಬಿ ಎಂಬ ಹೆಸರುಗಳಿದ್ದವು. 2025ರಲ್ಲಿ ಸ್ಥಿರರೂಪ ತಾಳಿದ ಮೂರನೆಯದರಲ್ಲಿ, ಭೂಪಟದಲ್ಲಿರುವಂತೆ, ಕೆಳಗಿನದು ದಕ್ಷಿಣ, ಬಲದ್ದು ಪೂರ್ವ, ಎಡದ್ದು ಪಶ್ಚಿಮ, ಮೇಲಿನದು ಉತ್ತರ. ಗುಂಡಿಯ ಮೇಲೆ ಬರೆದಿರುವ ಗುರುತು ಯಾವುದೆಂದು ಪ್ರತ್ಯೇಕವಾಗಿ ಕೇಳಿ ತಿಳಿಯಬಹುದು. ಆದರೆ ಎರಡು ಬಗೆಯ ಹೆಸರುಗಳನ್ನು ಒಂದಕ್ಕೊಂದು ಗಂಟುಹಾಕಿದರೆ ತೊಡಕು ತಪ್ಪದು. ಲಿನಕ್ಸ್‌ನಲ್ಲಿ ‘ಎಕ್ಸ್’ ಮತ್ತು ‘ಉತ್ತರ’ ಒಂದೇ ಸಂಖ್ಯೆಯ ಎರಡು ಹೆಸರುಗಳು; ಎಕ್ಸ್‌ಬಾಕ್ಸ್‌ನ ‘ಎಕ್ಸ್’ ಇರುವುದೋ ಪಶ್ಚಿಮದಲ್ಲಿ!

ದಿಕ್ಕೂ ಕೊನೆಯ ಮಾತಲ್ಲ. ಕೈಬೆರಳುಗಳು ಸ್ವಾಧೀನದಲ್ಲಿಲ್ಲದವರಿಗಾಗಿ 2018ರಲ್ಲಿ ಮೈಕ್ರೋಸಾಫ್ಟ್ ಒಂದು ಕಂಟ್ರೋಲರ್ ತಂದಿತು. ಅದರಲ್ಲಿ ಅಗಲವಾದ ಎರಡು ಗುಂಡಿಗಳು ಅಕ್ಕಪಕ್ಕದಲ್ಲಿವೆ. ಬೇರೆ ಸ್ವಿಚ್ಚುಗಳನ್ನು ಜೋಡಿಸಿ ಮೊಣಕೈಗೋ ಕಾಲಿಗೋ ಎಟಕುವಲ್ಲಿ ಇಟ್ಟುಕೊಳ್ಳಬಹುದು. ಅಲ್ಲಿ ದಕ್ಷಿಣ ಯಾವುದು? ಉಳಿಯುವುದು ಕ್ರಿಯೆಯೊಂದೇ: ನೆಗೆತ, ಹೊಡೆತ, ಒಪ್ಪಿಗೆ. ಆದ್ದರಿಂದ ಆಟದ ಒಳಗೆ ಕ್ರಿಯೆಯ ಹೆಸರು, ಸಾಧನವನ್ನು ಓದುವಲ್ಲಿ ದಿಕ್ಕಿನ ಹೆಸರು, ಆಟಗಾರನಿಗೆ ತೋರಿಸುವಲ್ಲಿ ಗುಂಡಿಯ ಮೇಲಿನ ಗುರುತು — ಹೀಗೆ ಮೂರನ್ನೂ ಬೇರೆಬೇರೆ ಇಟ್ಟು, ನಡುವೆ ಒಂದು ಪಟ್ಟಿಯಿಂದ ಹೊಂದಿಸುವುದು ಉಚಿತ. ಆಗ ಯಾರ ಅನುಕೂಲಕ್ಕೆ ಬೇಕಾದರೂ ಪಟ್ಟಿಯನ್ನಷ್ಟೇ ತಿದ್ದಿದರೆ ಸಾಕು, ಆಟವನ್ನೆಲ್ಲ ಕೆದಕಬೇಕಾಗಿಲ್ಲ. ‘ಎ’ ಎಂಬ ಅಕ್ಷರವನ್ನು ನೂರು ಕಡೆ ಬರೆದಿಟ್ಟವನು ಅಂಥ ಆಟಗಾರನನ್ನು ತನಗರಿವಿಲ್ಲದೆಯೇ ಬಾಗಿಲ ಹೊರಗೆ ನಿಲ್ಲಿಸಿದಂತಾಗುತ್ತದೆ.

ಮನೆಯಲ್ಲಿ ಮೊದಲಿಗರಾಗಿ ಕಾಲೇಜಿಗೆ ಬಂದ ನಮ್ಮಲ್ಲಿ ಅನೇಕರು, ಬಲ್ಲವರು ತಮ್ಮತಮ್ಮಲ್ಲಿ ಬಳಸುವ ಹೆಸರುಗಳು ಹೊಸಬರಿಗೆ ಎಷ್ಟು ಎತ್ತರದ ಹೊಸ್ತಿಲೆಂಬುದನ್ನು ಅನುಭವದಿಂದ ಬಲ್ಲೆವು. ನಾಳೆ ನಮ್ಮಲ್ಲಿ ಕೆಲವರು ಪ್ರೋಗ್ರಾಂ ಬರೆಯಬಹುದು, ಕೆಲವರು ಕಚೇರಿಯ ಅರ್ಜಿ ನಮೂನೆಗಳನ್ನು ರಚಿಸಬಹುದು. ಹೆಸರಿಡುವ ಸರದಿ ನಮ್ಮದಾದಾಗ, ಅದನ್ನು ಮೊದಲ ಸಲ ಕೇಳುವವನನ್ನು ನೆನೆದು ಇಡೋಣ.